ಯಾರು ಮುಸ್ಲಿಂ ಅಂತ ತೀರ್ಪು ಕೊಡೋ ಅಧಿಕಾರ ಯಾರದ್ದು?

ಕ್ರಿ.ಶ. 658ರ ಸುಮಾರು. ಇಂದಿನ ಇರಾಕಿನ ನಹ್ರವಾನ್ ಎಂಬ ಕಡೆ ಒಂದು ಗುಂಪು ಬೀಡು ಬಿಟ್ಟಿತ್ತು. ಹಗಲು ಉಪವಾಸ, ರಾತ್ರಿ ನಮಾಜ್, ಬಾಯಲ್ಲಿ ಯಾವಾಗಲೂ ಕುರ್‌ಆನ್. ಅವರ ಭಕ್ತಿಯ ಬಗ್ಗೆ ಶತ್ರುಗಳಿಗೂ ಅನುಮಾನ ಇರಲಿಲ್ಲ. ಅದೇ ದಾರಿಯಲ್ಲಿ ಅಬ್ದುಲ್ಲಾ ಇಬ್ನ್ ಖಬ್ಬಾಬ್ ಎಂಬವರು ಗರ್ಭಿಣಿ ಹೆಂಡತಿಯ ಜೊತೆ ಬಂದರು. ಪ್ರವಾದಿ ಮುಹಮ್ಮದರ ಒಡನಾಡಿಯೊಬ್ಬರ ಮಗ ಅವರು. ಗುಂಪು ಅವರಿಬ್ಬರನ್ನೂ ಹಿಡಿದುಕೊಂಡಿತು.

ಮುಂದಿನದನ್ನು ಹಳೆಯ ಅರಬ್ ಇತಿಹಾಸಕಾರರು ಹೀಗೆ ದಾಖಲಿಸಿದ್ದಾರೆ. ಹೋಗುವ ದಾರಿಯಲ್ಲಿ ಮರದಿಂದ ಒಂದು ಖರ್ಜೂರ ಉದುರಿತು. ಗುಂಪಿನವನೊಬ್ಬ ಅದನ್ನೆತ್ತಿ ಬಾಯಿಗೆ ಹಾಕಿಕೊಂಡ. "ದುಡ್ಡು ಕೊಡದೆ, ಒಡೆಯನನ್ನು ಕೇಳದೆ ತಿಂತೀಯಾ?" ಎಂದು ಜೊತೆಗಾರ ಗದರಿದ. ಅವನು ತಕ್ಷಣ ಉಗುಳಿದ. ಇನ್ನೊಬ್ಬ ಅಡ್ಡ ಬಂದ ಹಂದಿಯೊಂದನ್ನು ಕತ್ತಿಯಿಂದ ಹೊಡೆದ. ಅದು ಮುಸ್ಲಿಮೇತರನೊಬ್ಬನ ಹಂದಿ ಅಂತ ಗೊತ್ತಾದಾಗ ಒಡೆಯನನ್ನು ಹುಡುಕಿ ನಷ್ಟ ತುಂಬಿ ಕೊಟ್ಟ. ಇಷ್ಟೆಲ್ಲ ಆದಮೇಲೆ ಅದೇ ಜನ ಅಬ್ದುಲ್ಲಾರನ್ನು ನೀರಿನ ದಂಡೆಗೆ ಎಳೆದುಕೊಂಡು ಹೋಗಿ ಕತ್ತು ಕೊಯ್ದರು. ಹೆಂಡತಿಯ ಹೊಟ್ಟೆ ಸೀಳಿದರು. ಅವರ ತಪ್ಪೇನು? ಮುಸ್ಲಿಮರ ಅಂದಿನ ನಾಯಕ, ಅಂದರೆ ಖಲೀಫ, ಅಲಿಯವರನ್ನು ಕಾಫಿರ್ (ಧರ್ಮದ ಹೊರಗಿನವರು) ಅಂತ ಕರೆಯೋಕೆ ಒಪ್ಪಲಿಲ್ಲ, ಅಷ್ಟೇ.

ಇಸ್ಲಾಮಿನ ಚರಿತ್ರೆಯಲ್ಲಿ ಉಗ್ರವಾದ ಅಂದರೇನು ಅಂತ ಅರ್ಥ ಮಾಡಿಕೊಳ್ಳೋಕೆ ನನಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಕ್ಕಿಲ್ಲ. ಈ ಗುಂಪನ್ನು ಖವಾರಿಜ್ ಅಂತಾರೆ. ಇವರಿಗೆ ಧರ್ಮ ಗೊತ್ತಿರಲಿಲ್ಲ ಅನ್ನೋಕೆ ಆಗಲ್ಲ. ಆಚಾರದಲ್ಲಿ ಸಡಿಲ ಇದ್ದರು ಅನ್ನೋಕೂ ಆಗಲ್ಲ. ತಮ್ಮ ಹಾಗೆ ಯೋಚಿಸದ ಮುಸ್ಲಿಂ ಮುಸ್ಲಿಮನೇ ಅಲ್ಲ, ಹಾಗಾಗಿ ಅವನ ಜೀವಕ್ಕೆ ರಕ್ಷಣೆ ಇಲ್ಲ ಅನ್ನೋ ತೀರ್ಮಾನವೇ ಅವರ ಎಲ್ಲ ಕ್ರೌರ್ಯಕ್ಕೂ ಬೇರು. ಇನ್ನೊಬ್ಬ ಮುಸ್ಲಿಮನನ್ನು ಧರ್ಮದಿಂದ ಹೊರಗೆ ಹಾಕುವ ಈ ಘೋಷಣೆಗೆ ತಕ್ಫೀರ್ ಅನ್ನುತ್ತಾರೆ. ಹದಿನಾಲ್ಕು ಶತಮಾನಗಳಲ್ಲಿ ಉಗ್ರವಾದ ಎಲ್ಲೆಲ್ಲಿ ತಲೆ ಎತ್ತಿದೆಯೋ ಅಲ್ಲೆಲ್ಲ ತಕ್ಫೀರ್ ಇದೆ. ನಿಜವಾದ ಸುಧಾರಣೆ ನಡೆದ ಕಡೆ ಅದಕ್ಕೆ ಯಾರಾದರೊಬ್ಬರು ಕಡಿವಾಣ ಹಾಕಿದ್ದಾರೆ, ಇಲ್ಲವೇ ಅದಕ್ಕೇ ಬಲಿಯಾಗಿದ್ದಾರೆ.

ಇದನ್ನು ಯಾಕೆ ಒತ್ತಿ ಹೇಳ್ತಿದ್ದೀನಿ ಅಂದರೆ, ನಮ್ಮಲ್ಲಿ ಚರ್ಚೆ ಶುರುವಾದ ಕೂಡಲೇ ಎರಡು ಮಾತು ಬರುತ್ತವೆ. ಒಂದು, "ಇಸ್ಲಾಮಿನಲ್ಲಿ ಸುಧಾರಣೆಯೇ ಆಗಿಲ್ಲ, ಅದೇ ಸಮಸ್ಯೆ." ಇನ್ನೊಂದು, "ಉಗ್ರವಾದಕ್ಕೂ ಧರ್ಮಕ್ಕೂ ಸಂಬಂಧವೇ ಇಲ್ಲ." ಎರಡೂ ತಪ್ಪು. ಸುಧಾರಣೆ ಅನೇಕ ಸಲ ಆಗಿದೆ. ಉಗ್ರರಲ್ಲಿ ಎಷ್ಟೋ ಜನ ತಮ್ಮನ್ನು ಸುಧಾರಕರು ಅಂತಲೇ ನಂಬಿದ್ದರು.

ಮತ್ತೆ ಖವಾರಿಜರ ಹತ್ತಿರ ಹೋಗೋಣ, ಯಾಕಂದರೆ ಅವರು ಆಕಾಶದಿಂದ ಉದುರಿದವರಲ್ಲ. 656ರಲ್ಲಿ ಮೂರನೇ ಖಲೀಫ ಉಸ್ಮಾನ್ ಮದೀನಾದಲ್ಲಿ ಕೊಲೆಯಾದರು. ಅಲಿ ಖಲೀಫರಾದರು. ಸಿರಿಯಾದ ರಾಜ್ಯಪಾಲ ಮುಆವಿಯಾ, ಉಸ್ಮಾನರ ಬಂಧು, ಕೊಲೆಗಾರರಿಗೆ ಶಿಕ್ಷೆಯಾಗಲಿ ಅಂತ ಪಟ್ಟು ಹಿಡಿದರು. 657ರಲ್ಲಿ ಯೂಫ್ರೆಟಿಸ್ ನದಿ ಹತ್ತಿರ ಸಿಫ್ಫೀನ್‌ನಲ್ಲಿ ಎರಡೂ ಕಡೆಯ ಸೇನೆ ಎದುರುಬದುರಾದವು. ಸಿರಿಯಾದ ಸೈನಿಕರು ಈಟಿ ತುದಿಗೆ ಕುರ್‌ಆನಿನ ಹಾಳೆ ಕಟ್ಟಿ ಎತ್ತಿ ಹಿಡಿದರು, ಅಲ್ಲಾಹನ ಗ್ರಂಥವೇ ತೀರ್ಮಾನಿಸಲಿ ಎಂದರು ಅಂತ ಹೇಳುತ್ತಾರೆ. ಕೊನೆಗೆ ಅಲಿ ಮಧ್ಯಸ್ಥಿಕೆಗೆ ಒಪ್ಪಿದರು. ಆಗ ಅವರದೇ ಸೈನ್ಯದ ಒಂದು ಭಾಗ ಸಿಡಿದೆದ್ದಿತು. "ತೀರ್ಪು ಅಲ್ಲಾಹನದು ಮಾತ್ರ, ಮನುಷ್ಯರನ್ನು ಪಂಚರಾಗಿ ಕೂರಿಸಿದ್ದೇ ಪಾಪ" ಅನ್ನೋದು ಅವರ ವಾದ. ಅಲಿಯವರು ಇದಕ್ಕೆ ಕೊಟ್ಟ ಉತ್ತರ ಪ್ರಸಿದ್ಧ: ಮಾತೇನೋ ಸತ್ಯ, ಆದರೆ ಅದರಿಂದ ಸಾಧಿಸಲು ಹೊರಟಿರುವುದು ಸುಳ್ಳು. ಗ್ರಂಥ ತಾನಾಗಿ ಮಾತಾಡುವುದಿಲ್ಲ, ಅದನ್ನು ಓದಿ ಹೇಳುವವರು ಮನುಷ್ಯರೇ ಅನ್ನೋದು ಅವರ ನಿಲುವಾಗಿತ್ತು. ನಹ್ರವಾನ್‌ನಲ್ಲಿ ಅಲಿ ಈ ಗುಂಪನ್ನು ಸೋಲಿಸಿದರು. ಆದರೆ 661ರಲ್ಲಿ ಕೂಫಾದ ಮಸೀದಿಯಲ್ಲಿ ಅದೇ ಪಂಗಡದ ಇಬ್ನ್ ಮುಲ್ಜಮ್ ಎಂಬಾತ ವಿಷ ಸವರಿದ ಕತ್ತಿಯಿಂದ ಅವರನ್ನು ಕೊಂದ.

ಕುತೂಹಲದ ಸಂಗತಿ ಒಂದಿದೆ. ಇದೇ ಹಿನ್ನೆಲೆಯಿಂದ ಬಂದ ಒಂದು ಕವಲು ಕತ್ತಿ ಬಿಟ್ಟು ಬೇರೆ ದಾರಿ ಹಿಡಿಯಿತು. ಅವರೇ ಇಬಾದಿಗಳು. ಇವತ್ತು ಒಮಾನ್ ದೇಶದ ರಾಜಮನೆತನ ಇಬಾದಿ, ಪ್ರಜೆಗಳಲ್ಲೂ ತುಂಬ ಜನ ಇಬಾದಿಗಳು. ಬೇರೆ ಪಂಗಡದವರ ಜೊತೆ ಹೊಂದಿಕೊಂಡು ಬದುಕುವುದರಲ್ಲಿ ಅವರಿಗೆ ಒಳ್ಳೆ ಹೆಸರಿದೆ. ತಮ್ಮನ್ನು ಖವಾರಿಜ್ ಅಂದರೆ ಅವರು ಒಪ್ಪುವುದಿಲ್ಲ, ಅದು ಸರಿಯೇ. ಒಂದೇ ಜಗಳದಿಂದ ಹೊರಟ ಇಬ್ಬರಲ್ಲಿ ಒಬ್ಬರು ಕೊಲೆಗಾರರಾದರು, ಇನ್ನೊಬ್ಬರು ಶಾಂತ ಸಮುದಾಯವಾದರು. ಮೂಲ ಗ್ರಂಥ ಎರಡೂ ಕಡೆ ಒಂದೇ ಅಲ್ವಾ?

ಖವಾರಿಜರ ಆಘಾತದಿಂದ ಮುಸ್ಲಿಂ ಸಮಾಜ ಒಂದು ದೊಡ್ಡ ಪಾಠ ಕಲಿಯಿತು. ಪಾಪ ಮಾಡಿದವನು ಪಾಪಿ, ಆದರೆ ಅಷ್ಟಕ್ಕೇ ಅವನು ಧರ್ಮದಿಂದ ಹೊರಗೆ ಹೋಗುವುದಿಲ್ಲ, ಅವನ ಒಳಗಿನ ನಂಬಿಕೆಯ ಲೆಕ್ಕ ದೇವರಿಗೆ ಬಿಟ್ಟಿದ್ದು ಅನ್ನೋ ವಿಚಾರ ಬೆಳೆಯಿತು. 767ರಲ್ಲಿ ತೀರಿಕೊಂಡ ಇಮಾಮ್ ಅಬೂ ಹನೀಫಾ ಇದನ್ನು ಗಟ್ಟಿಯಾಗಿ ಹೇಳಿದವರಲ್ಲಿ ಒಬ್ಬರು. ಭಾರತದ ಬಹುಪಾಲು ಸುನ್ನಿ ಮುಸ್ಲಿಮರು ಅವರ ಹನಫಿ ಪಂಥದವರೇ. (ನಮ್ಮ ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಪಂಥದವರು. ಸಮುದ್ರದಾಚೆಯ ವ್ಯಾಪಾರದ ನಂಟಿನಿಂದ ಬಂದದ್ದು ಅದು.) ಶತಮಾನಗಳ ಕಾಲ ಕೋಟ್ಯಂತರ ಸಾಮಾನ್ಯ ಮುಸ್ಲಿಮರು ಒಬ್ಬರನ್ನೊಬ್ಬರು ಸಹಿಸಿಕೊಂಡು ಬದುಕಿದ್ದರ ಹಿಂದೆ ಈ ತತ್ವ ಇದೆ. ಸದ್ದು ಮಾಡದ ಸುಧಾರಣೆ ಇದು, ಅದಕ್ಕೇ ಯಾರೂ ಜಾಸ್ತಿ ಮಾತಾಡಲ್ಲ.

ಹಾಗಂತ ವಿಚಾರವಾದಿಗಳೆಲ್ಲ ಒಳ್ಳೆಯವರು, ಸಂಪ್ರದಾಯಸ್ಥರೆಲ್ಲ ಕೆಟ್ಟವರು ಅಂತ ವಿಂಗಡಿಸಿದರೆ ಚರಿತ್ರೆ ಒಪ್ಪಲ್ಲ. 833ರಲ್ಲಿ ಬಾಗ್ದಾದಿನ ಖಲೀಫ ಅಲ್ ಮಾಮೂನ್ ಒಂದು ಆದೇಶ ಹೊರಡಿಸಿದ. ಗ್ರೀಕ್ ತತ್ವಶಾಸ್ತ್ರದ ಅನುವಾದಕ್ಕೆ ದೊಡ್ಡ ಪೋಷಣೆ ಕೊಟ್ಟವನು ಅವನು, ತರ್ಕಕ್ಕೆ ಮೊದಲ ಸ್ಥಾನ ಕೊಟ್ಟ ಮುಅತಝಿಲಾ ಪಂಥದ ಒಲವಿದ್ದವನು. ಕುರ್‌ಆನ್ ದೇವರು ಸೃಷ್ಟಿಸಿದ್ದು, ಅನಾದಿಯಲ್ಲ ಅಂತ ನ್ಯಾಯಾಧೀಶರು, ವಿದ್ವಾಂಸರು ಒಪ್ಪಲೇಬೇಕು ಅನ್ನೋದು ಆ ಆದೇಶ. ಒಪ್ಪದವರಿಗೆ ವಿಚಾರಣೆ, ಜೈಲು. ಇಮಾಮ್ ಅಹ್ಮದ್ ಇಬ್ನ್ ಹಂಬಲ್ ಬಗ್ಗಲಿಲ್ಲ. ಮುಂದಿನ ಖಲೀಫನ ಕಾಲದಲ್ಲಿ ಅವರಿಗೆ ಛಡಿ ಏಟು ಬಿತ್ತು. ಇಲ್ಲಿ ಚಾಟಿ ಹಿಡಿದಿದ್ದು ತರ್ಕದ ಪಕ್ಷ, ಬೆನ್ನು ಕೊಟ್ಟಿದ್ದು ಸಂಪ್ರದಾಯದ ಪಕ್ಷ. ಆ ನೀತಿ ಬಿದ್ದುಹೋಯಿತು, ಜನರ ಕಣ್ಣಲ್ಲಿ ಇಬ್ನ್ ಹಂಬಲ್ ವೀರರಾದರು, ತರ್ಕದ ಪಂಥಕ್ಕೆ ಸರ್ಕಾರದ ದಬ್ಬಾಳಿಕೆಯ ಕಳಂಕ ಅಂಟಿತು. ಸರ್ಕಾರದ ಬೆತ್ತದಿಂದ ಸುಧಾರಣೆ ತರೋಕೆ ಹೊರಟವರು ಈ ಒಂದು ಪ್ರಸಂಗವನ್ನಾದರೂ ಓದಬೇಕು.

ಇಮಾಮ್ ಗಝಾಲಿ (1058–1111) ತಕ್ಫೀರ್ ಬಗ್ಗೆಯೇ ಒಂದು ಗ್ರಂಥ ಬರೆದರು. ಸುಮ್ಮನಿದ್ದರೆ ಅಪಾಯವಿಲ್ಲ, ಇನ್ನೊಬ್ಬನನ್ನು ಕಾಫಿರ್ ಅಂದರೆ ಅಪಾಯವಿದೆ, ಆದ್ದರಿಂದ ನಾಲಿಗೆ ಬಿಗಿ ಹಿಡಿಯಿರಿ ಅನ್ನೋದು ಅದರ ಸಲಹೆ. ಆದರೆ ಅದೇ ಗಝಾಲಿ ಮೂರು ವಿಷಯಗಳಲ್ಲಿ ತತ್ವಜ್ಞಾನಿಗಳನ್ನು ಕಾಫಿರ್ ಅಂತಲೇ ತೀರ್ಮಾನಿಸಿದ್ದರು. ಬೀಗ ಮಾಡಿದವರೇ ಬೀಗದ ಕೈ ಕೂಡ ಇಟ್ಟುಕೊಂಡಿದ್ದರು.

ಆ ಕೈಯನ್ನು ಮುಂದೆ ಜೋರಾಗಿ ತಿರುಗಿಸಿದವರು ಇಬ್ನ್ ತೈಮಿಯಾ (1263–1328). ಅವರ ಕಾಲ ಎಂಥದ್ದು ಅಂತ ಗೊತ್ತಿಲ್ಲದೆ ಅವರನ್ನು ಓದಿದರೆ ತಪ್ಪಾಗುತ್ತದೆ. 1258ರಲ್ಲಿ ಮಂಗೋಲರು ಬಾಗ್ದಾದ್ ನಾಶ ಮಾಡಿದ್ದರು. ಇವರ ಕುಟುಂಬ ಹರ್ರಾನ್ ಬಿಟ್ಟು ದಮಾಸ್ಕಸ್‌ಗೆ ಓಡಿ ಬಂದಿತ್ತು. ಆಮೇಲೆ 1295ರಲ್ಲಿ ಮಂಗೋಲ್ ದೊರೆ ಗಝಾನ್ ಇಸ್ಲಾಂ ಸ್ವೀಕರಿಸಿದ. ಮುಸ್ಲಿಮನಾದವನೇ ದಂಡೆತ್ತಿ ಬಂದರೆ ಅವನ ವಿರುದ್ಧ ಹೋರಾಡಬಹುದಾ ಅನ್ನೋ ಪ್ರಶ್ನೆ ಹುಟ್ಟಿತು. ಹೋರಾಡಬಹುದು, ಅವರು ಶರಿಯತ್ ಬಿಟ್ಟು ತಮ್ಮ ಹಳೇ ಕಾನೂನು ನಡೆಸುತ್ತಿದ್ದಾರೆ ಅಂತ ಇಬ್ನ್ ತೈಮಿಯಾ ಫತ್ವಾ ಕೊಟ್ಟರು. ಮನೆ ಬಾಗಿಲಿಗೆ ಸೈನ್ಯ ಬಂದಿದ್ದಾಗ ಹೇಳಿದ ಮಾತು ಅದು. ಹೆಚ್ಚು ಕಡಿಮೆ ಏಳು ಶತಮಾನ ಕಳೆದ ಮೇಲೆ ಕೈರೋದಲ್ಲಿ ಅದೇ ಫತ್ವಾವನ್ನು ಹಿಡಿದುಕೊಂಡು ಅಬ್ದುಸ್ಸಲಾಂ ಫರಜ್ ಎಂಬ ಎಲೆಕ್ಟ್ರಿಷಿಯನ್ ಒಂದು ಕಿರುಹೊತ್ತಗೆ ಬರೆದ: ಈಜಿಪ್ಟಿನ ಆಳುವವರೂ ಆ ಮಂಗೋಲರ ಹಾಗೆಯೇ, ಅವರನ್ನು ಕೊಲ್ಲಬಹುದು. 1981ರ ಅಕ್ಟೋಬರ್ 6ರಂದು ಅಧ್ಯಕ್ಷ ಅನ್ವರ್ ಸಾದತ್ ಸೈನಿಕ ಪೆರೇಡ್ ನೋಡುತ್ತಿದ್ದಾಗಲೇ ಫರಜ್ ಗುಂಪಿನವರ ಗುಂಡಿಗೆ ಬಲಿಯಾದರು.

ಈಗ 1703ಕ್ಕೆ ಬನ್ನಿ. ಆ ಒಂದೇ ವರ್ಷದಲ್ಲಿ ಇಬ್ಬರು ಹುಟ್ಟಿದರು. ದೆಹಲಿ ಕಡೆ ಶಾಹ್ ವಲೀಉಲ್ಲಾ, ಅರೇಬಿಯಾದ ನಜ್ದ್‌ನಲ್ಲಿ ಮುಹಮ್ಮದ್ ಇಬ್ನ್ ಅಬ್ದುಲ್ ವಹಾಬ್. ಇಬ್ಬರೂ ಮದೀನಾಕ್ಕೆ ಹೋಗಿ ಹದೀಸ್ (ಪ್ರವಾದಿಯವರ ನುಡಿ, ನಡೆಗಳ ದಾಖಲೆ) ಓದಿದರು, ಅದೂ ಹೆಚ್ಚು ಕಡಿಮೆ ಒಂದೇ ವಿದ್ವಾಂಸರ ಬಳಗದಲ್ಲಿ. ಇಬ್ಬರಿಗೂ ಅನ್ನಿಸಿದ್ದು ಒಂದೇ: ಮುಸ್ಲಿಂ ಸಮಾಜ ಹಾಳಾಗಿದೆ, ಮೂಲಕ್ಕೆ ಮರಳಬೇಕು. ವಲೀಉಲ್ಲಾ ದೆಹಲಿಗೆ ಮರಳಿ ಕುರ್‌ಆನನ್ನು ಅಂದಿನ ಓದುಬರಹದ ಭಾಷೆಯಾದ ಪರ್ಷಿಯನ್‌ಗೆ ತಂದರು, ಸುನ್ನಿಗಳ ನಾಲ್ಕೂ ಕಾನೂನು ಪಂಥಗಳ ನಡುವೆ ಹೊಂದಾಣಿಕೆ ಹುಡುಕಿದರು, ಸೂಫಿ ಮಾರ್ಗವನ್ನು ಬಿಡದೆ ತಿದ್ದಲು ನೋಡಿದರು. ಅವರನ್ನೂ ದೇವರ ಪೀಠದಲ್ಲಿ ಕೂರಿಸುವುದು ಬೇಡ. ಮರಾಠರ ಮೇಲೆ ದಂಡೆತ್ತಿ ಬರುವಂತೆ ಅಹ್ಮದ್ ಶಾಹ್ ಅಬ್ದಾಲಿಯನ್ನು ಕರೆದ ಪತ್ರಗಳೂ ಅವರ ಹೆಸರಿನಲ್ಲಿವೆ.

ಇಬ್ನ್ ಅಬ್ದುಲ್ ವಹಾಬ್ ಹಿಡಿದ ದಾರಿ ಬೇರೆ. ಜನ ಹರಕೆ ಹೊರುತ್ತಿದ್ದ ಮರಗಳನ್ನು ಕಡಿಸಿದರು, ಗೋರಿಯ ಮೇಲಿನ ಗುಮ್ಮಟ ಕೆಡವಿದರು. ಇಷ್ಟಕ್ಕೇ ನಿಂತಿದ್ದರೆ ಕಟ್ಟುನಿಟ್ಟಿನ ಒಬ್ಬ ಬೋಧಕ ಅನ್ನಬಹುದಿತ್ತು. ಆದರೆ ಗೋರಿಯ ಮುಂದೆ ಬೇಡಿಕೊಳ್ಳುವ ಮುಸ್ಲಿಂ ಬಹುದೇವಾರಾಧಕ, ತಿಳಿಹೇಳಿದ ಮೇಲೂ ಬಿಡದಿದ್ದರೆ ಅವನ ವಿರುದ್ಧ ಯುದ್ಧ ಸರಿ ಅನ್ನೋ ಹಂತಕ್ಕೆ ಅದು ಹೋಯಿತು. 1744ರಲ್ಲಿ ದಿರ್‌ಇಯಾದ ಮುಖಂಡ ಮುಹಮ್ಮದ್ ಇಬ್ನ್ ಸಊದ್ ಜೊತೆ ಒಪ್ಪಂದವಾಯಿತು. ಅಲ್ಲಿಗೆ ಬೋಧನೆಗೆ ಸೈನ್ಯ ಸಿಕ್ಕಿತು, ಸೈನ್ಯಕ್ಕೆ ಬೋಧನೆ ಸಿಕ್ಕಿತು. ಇದನ್ನು ಮೊದಲು ವಿರೋಧಿಸಿದವರಲ್ಲಿ ಅವರ ಸ್ವಂತ ಅಣ್ಣತಮ್ಮಂದಿರ ಪೈಕಿಯ ಸುಲೈಮಾನರೇ ಇದ್ದರು. ಮುಸ್ಲಿಮರನ್ನು ಕಾಫಿರರು ಅನ್ನುವ ಈ ಚಾಳಿ ಹಿಂದಿನ ಯಾವ ದೊಡ್ಡ ವಿದ್ವಾಂಸರ ದಾರಿಯೂ ಅಲ್ಲ ಅಂತ ಅವರು ಬರೆದರು. ಯಾರೂ ಕೇಳಲಿಲ್ಲ. 1802ರಲ್ಲಿ ಸಊದಿ ಪಡೆ ಶಿಯಾಗಳ ಪವಿತ್ರ ಊರು ಕರ್ಬಲಾಕ್ಕೆ ನುಗ್ಗಿ ಸಾವಿರಾರು ಜನರನ್ನು ಕೊಂದಿತು, ಇಮಾಮ್ ಹುಸೇನರ ಸಮಾಧಿ ಲೂಟಿ ಮಾಡಿತು. ಮುಂದೆ ಮೆಕ್ಕಾ, ಮದೀನಾ ಕೂಡ ಅವರ ವಶವಾದವು. ಅದನ್ನು ಮುರಿದಿದ್ದು ಕೂಡ ಮುಸ್ಲಿಮರೇ: ಆಟೊಮನ್ ಸುಲ್ತಾನನ ಪರವಾಗಿ ಈಜಿಪ್ಟಿನ ಸೇನೆ ಬಂದು 1818ರಲ್ಲಿ ದಿರ್‌ಇಯಾವನ್ನು ನೆಲಸಮ ಮಾಡಿತು.

ಇಲ್ಲೊಂದು ಮಾತು ಸ್ಪಷ್ಟವಾಗಿರಲಿ. ದರ್ಗಾಕ್ಕೆ ಹೋಗಬಹುದಾ ಬಾರದಾ ಅನ್ನೋ ವಾದ ನಮ್ಮಲ್ಲೂ ಇದೆ. ಕಲಬುರಗಿಯ ಖ್ವಾಜಾ ಬಂದೇ ನವಾಜರು 1422ರಲ್ಲಿ ತೀರಿಕೊಂಡರು. ಇವತ್ತಿಗೂ ಅವರ ಉರುಸಿಗೆ ಹಿಂದೂ ಮುಸ್ಲಿಂ ಅನ್ನದೆ ಜನ ಸೇರುತ್ತಾರೆ. "ನಾನು ದರ್ಗಾಕ್ಕೆ ಹೋಗಲ್ಲ, ಅದು ನನ್ನ ನಂಬಿಕೆಗೆ ಸರಿಯಲ್ಲ" ಅನ್ನುವ ಮುಸ್ಲಿಮರೂ ನಮ್ಮ ಊರುಗಳಲ್ಲಿದ್ದಾರೆ. ಅದು ಅವರ ಹಕ್ಕು. ಗಡ್ಡ ಉದ್ದ ಬಿಟ್ಟವನು, ಸಂಗೀತ ಕೇಳದವನು, ಬುರ್ಖಾ ಹಾಕುವವಳು, ಇವರನ್ನೆಲ್ಲ ಸುಮ್ನೆ ಉಗ್ರವಾದಿಗಳ ಲೆಕ್ಕಕ್ಕೆ ಸೇರಿಸುವುದು ಅನ್ಯಾಯ, ಅದಕ್ಕಿಂತ ಹೆಚ್ಚಾಗಿ ಅದು ದಡ್ಡತನ, ಯಾಕಂದರೆ ನಿಜವಾದ ಅಪಾಯ ಎಲ್ಲಿದೆ ಅಂತ ಆಮೇಲೆ ಕಾಣೋದೇ ಇಲ್ಲ. ದರ್ಗಾಕ್ಕೆ ಹೋಗುವವನನ್ನು ಧರ್ಮಭ್ರಷ್ಟ ಅಂತ ಸಾರಿ ಅವನ ಮೈಮೇಲೆ ಕೈ ಮಾಡಬಹುದು ಅಂದಾಗ ಗೆರೆ ದಾಟಿದ ಹಾಗೆ.

ಇಪ್ಪತ್ತನೇ ಶತಮಾನದಲ್ಲಿ ಸಊದಿ ದೊರೆ ಅಬ್ದುಲ್ ಅಝೀಝ್‌ಗೆ ಇದೇ ಬೆಂಕಿ ಕೈ ಸುಟ್ಟಿತು. ಅಲೆಮಾರಿ ಬುಡಕಟ್ಟುಗಳನ್ನು ನೆಲೆ ನಿಲ್ಲಿಸಿ ಇಖ್ವಾನ್ ಎಂಬ ಪಡೆ ಕಟ್ಟಿದ. ಅವರ ಬಲದಿಂದಲೇ 1924ರಲ್ಲಿ ಮೆಕ್ಕಾ ಕೈಗೆ ಬಂತು. ಆಮೇಲೆ ಗಡಿಯಾಚೆ ಇರಾಕಿಗೆ ನುಗ್ಗಬೇಡಿ, ಅಲ್ಲಿ ಬ್ರಿಟಿಷರಿದ್ದಾರೆ ಅಂದಾಗ ಇಖ್ವಾನ್ ಕೇಳಲಿಲ್ಲ. ರಾಜನೇ ಧರ್ಮ ಬಿಟ್ಟ ಅಂತ ತಿರುಗಿ ಬಿದ್ದರು. 1929ರಲ್ಲಿ ಸಬಿಲ್ಲಾದಲ್ಲಿ ರಾಜ ಅವರನ್ನು ಹೊಡೆದು ಹಾಕಿದ. ಐವತ್ತು ವರ್ಷ ಕಳೆದು, 1979ರ ನವೆಂಬರ್ 20ರಂದು, ಇಖ್ವಾನ್ ನೆಲೆಯೊಂದರಲ್ಲಿ ಹುಟ್ಟಿದ ಜುಹೈಮಾನ್ ಅಲ್ ಉತೈಬಿ ಎಂಬಾತ ಬಂದೂಕುಧಾರಿಗಳ ಜೊತೆ ಮೆಕ್ಕಾದ ಮಹಾ ಮಸೀದಿಯನ್ನೇ ವಶ ಮಾಡಿಕೊಂಡ. ಹಿಜರಿ 1400ರ ಮೊದಲ ದಿನ ಅದು. ಲೋಕವನ್ನು ಸರಿಪಡಿಸಲು ಬರಬೇಕಾಗಿದ್ದ ಮಹದಿ ತನ್ನ ಭಾವಮೈದುನನೇ ಎಂದು ಸಾರಿದ. ಎರಡು ವಾರ ಕಾಳಗ ನಡೆಯಿತು. 1980ರ ಜನವರಿಯಲ್ಲಿ 63 ಜನರ ತಲೆ ತೆಗೆಯಲಾಯಿತು. ನನಗೆ ಅತಿ ಬೇಸರ ತರಿಸುವ ಸಂಗತಿ ಇದಾದ ಮೇಲೆ ನಡೆದದ್ದು. ಬಂಡುಕೋರರನ್ನು ಕೊಂದ ಸರ್ಕಾರ, ಅವರು ಕೇಳಿದ್ದರಲ್ಲಿ ಎಷ್ಟೋ ವಿಷಯಗಳನ್ನು ತಾನೇ ಜಾರಿಗೆ ತಂದಿತು. ಹೆಂಗಸರ ಮೇಲೆ, ಮನರಂಜನೆಯ ಮೇಲೆ ಬಿಗಿ ಹೆಚ್ಚಿತು. ಎಣ್ಣೆಯ ದುಡ್ಡಿನಲ್ಲಿ ಆ ಕಟ್ಟುನಿಟ್ಟಿನ ಬೋಧನೆ ದೇಶ ದೇಶಕ್ಕೂ ಹೋಯಿತು. ಅಲ್ಲಿ ಹೆಂಗಸರು ಕಾರು ಓಡಿಸೋಕೆ, ಸಿನಿಮಾ ಮಂದಿರ ಮತ್ತೆ ತೆರೆಯೋಕೆ 2018 ಬರಬೇಕಾಯಿತು.

ಈಜಿಪ್ಟಿನ ಕತೆಯಲ್ಲಿ ಮಸೀದಿಗಿಂತ ಜೈಲು ಮುಖ್ಯ. ಸಯ್ಯದ್ ಕುತುಬ್ ಮೊದಲು ಸಾಹಿತ್ಯ ವಿಮರ್ಶಕ. ಅಧ್ಯಕ್ಷ ನಾಸರ್ ಕಾಲದಲ್ಲಿ ಜೈಲು ಸೇರಿದರು, ಅಲ್ಲಿನ ಚಿತ್ರಹಿಂಸೆ ನೋಡಿದರು, ಅನುಭವಿಸಿದರು. ಹೀಗೆ ಹಿಂಸಿಸುವವರು ಮುಸ್ಲಿಮರಾಗಿರಲು ಹೇಗೆ ಸಾಧ್ಯ ಅನ್ನೋ ಪ್ರಶ್ನೆ ಅಲ್ಲಿನ ಕೈದಿಗಳಲ್ಲಿ ಎದ್ದಿತು. ಇಡೀ ಸಮಾಜವೇ ಇಸ್ಲಾಂಪೂರ್ವದ ಅಜ್ಞಾನಕ್ಕೆ ಮರಳಿದೆ ಎಂದು ಕುತುಬ್ ಬರೆದರು. 1966ರಲ್ಲಿ ಅವರಿಗೆ ಗಲ್ಲಾಯಿತು. ಬರಹ ಸಾಯಲಿಲ್ಲ. ಅದೇ ಜೈಲುಗಳಿಂದ ಬಂದ ಶುಕ್ರಿ ಮುಸ್ತಫಾ ತನ್ನ ಗುಂಪಿನ ಹೊರಗಿನವರೆಲ್ಲ ಕಾಫಿರರು ಅಂದುಬಿಟ್ಟ. 1977ರಲ್ಲಿ ಅವನ ಗುಂಪು ಮಾಜಿ ವಕ್ಫ್ ಸಚಿವ, ವಿದ್ವಾಂಸ ಶೇಖ್ ಝಹಬಿಯವರನ್ನು ಅಪಹರಿಸಿ ಕೊಂದಿತು. ಗಮನಿಸಿ, ಬಲಿಯಾದವರು ಕೈರೋದ ಹಳೆಯ ಧಾರ್ಮಿಕ ವಿದ್ಯಾಪೀಠ ಅಝ್ಹರಿನಲ್ಲಿ ಓದಿದ ಧರ್ಮಗುರು. ಈ ತಕ್ಫೀರಿಗೆ ಉತ್ತರವೂ ಜೈಲಿನೊಳಗಿಂದಲೇ ಬಂದಿತ್ತು. ಕುತುಬ್ ಸೇರಿದ್ದ ಮುಸ್ಲಿಂ ಬ್ರದರ್‌ಹುಡ್ ಸಂಘಟನೆಯ ಮುಖ್ಯಸ್ಥ ಹಸನ್ ಹುದೈಬಿಯವರ ಹೆಸರಿನಲ್ಲಿ ಒಂದು ಪುಸ್ತಕ ಹೊರಟಿತು. ನಾವು ಬೋಧಿಸುವವರು, ತೀರ್ಪು ಕೊಡುವ ನ್ಯಾಯಾಧೀಶರಲ್ಲ ಅನ್ನೋದೇ ಅದರ ಸಾರ, ಹೆಸರು ಕೂಡ ಅದೇ.

ಸುಧಾರಕರ ಮೇಲೂ ಇದೇ ಅಸ್ತ್ರ ಬಿತ್ತು. ಸರ್ ಸಯ್ಯದ್ ಅಹ್ಮದ್ ಖಾನ್ 1875ರಲ್ಲಿ ಅಲಿಘರ್‌ನಲ್ಲಿ ಕಾಲೇಜಿಗೆ ಅಡಿಪಾಯ ಹಾಕಿದರು. ಪ್ರಕೃತಿಯ ನಿಯಮಕ್ಕೂ ಕುರ್‌ಆನಿಗೂ ವಿರೋಧವಿಲ್ಲ ಅಂದಿದ್ದಕ್ಕೆ ಅವರಿಗೆ ನೇಚರಿ ಅಂತ ಅಡ್ಡಹೆಸರು. ಅವರ ವಿರೋಧಿಗಳು ಮೆಕ್ಕಾದವರೆಗೆ ಹೋಗಿ ಕಾಫಿರ್ ಫತ್ವಾ ತಂದರು. ಅವರು ಕಾಲೇಜು ಕಟ್ಟುವುದನ್ನು ನಿಲ್ಲಿಸಲಿಲ್ಲ. ಕೈರೋದಲ್ಲಿ ಅಲಿ ಅಬ್ದುರ್ರಾಝಿಕ್ ಖಿಲಾಫತ್ ಧರ್ಮದ ಅಗತ್ಯವಲ್ಲ ಎಂದು 1925ರಲ್ಲಿ ಬರೆದು ಅಝ್ಹರಿನ ಪದವಿ ಕಳೆದುಕೊಂಡರು. 1995ರಲ್ಲಿ ಪ್ರೊಫೆಸರ್ ನಸ್ರ್ ಅಬೂ ಝೈದ್ ಅವರನ್ನು ಈಜಿಪ್ಟಿನ ನ್ಯಾಯಾಲಯ ಧರ್ಮಭ್ರಷ್ಟ ಅಂತ ಸಾರಿ, ಹೆಂಡತಿ ಬೇಡ ಬೇಡ ಅಂದರೂ ಅವರ ಮದುವೆಯನ್ನೇ ರದ್ದು ಮಾಡಿತು. ಇಬ್ಬರೂ ದೇಶ ಬಿಟ್ಟು ಹಾಲೆಂಡಿಗೆ ಹೋದರು, ಗಂಡ ಹೆಂಡತಿಯಾಗಿಯೇ ಬದುಕಿದರು.

ಕೆಲಸಕ್ಕೆ ಬಂದ ಹೆಜ್ಜೆಗಳೂ ಇವೆ. 2005ರಲ್ಲಿ ಜೋರ್ಡಾನಿನ ಅಮ್ಮಾನ್‌ನಲ್ಲಿ ಸುಮಾರು 50 ದೇಶಗಳ 200ರಷ್ಟು ವಿದ್ವಾಂಸರು ಸೇರಿದರು. ಸುನ್ನಿ, ಶಿಯಾ, ಇಬಾದಿ ಸೇರಿ ಎಂಟು ಪಂಥಗಳ ಅನುಯಾಯಿಗಳೆಲ್ಲ ಮುಸ್ಲಿಮರೇ, ಅವರನ್ನು ಯಾರೂ ಕಾಫಿರ್ ಅನ್ನುವಂತಿಲ್ಲ ಎಂದು ಒಪ್ಪಿಕೊಂಡರು. ಚಿಕ್ಕ ಮಾತಲ್ಲ ಇದು. 2014ರಲ್ಲಿ ಐಸಿಸ್ ಮೊಸೂಲ್ ಹಿಡಿದು ಖಿಲಾಫತ್ ಘೋಷಿಸಿದಾಗ ನೂರಕ್ಕೂ ಹೆಚ್ಚು ವಿದ್ವಾಂಸರು ಅದರ ನಾಯಕ ಅಬೂಬಕರ್ ಅಲ್ ಬಗ್ದಾದಿಗೆ ಬಹಿರಂಗ ಪತ್ರ ಬರೆದು ಅವನ ಒಂದೊಂದು ವಾದವನ್ನೂ ಧರ್ಮಗ್ರಂಥದ ಆಧಾರದಿಂದಲೇ ಅಲ್ಲಗಳೆದರು. ಯಜೀದಿಗಳು, ಕ್ರೈಸ್ತರು, ಶಿಯಾಗಳ ಜೊತೆ ಎಷ್ಟೋ ಸುನ್ನಿಗಳನ್ನೂ ಐಸಿಸ್ ಕೊಂದಿತ್ತು. ಪತ್ರದಿಂದ ಐಸಿಸ್ ಬದಲಾಗಲಿಲ್ಲ, ನಿಜ. ಆದರೆ ಅದರ ಕಡೆ ವಾಲುತ್ತಿರುವ ಮಗನಿಗೆ ಏನು ಹೇಳೋದು ಅಂತ ತೋಚದ ತಂದೆತಾಯಿಗೆ, ಊರಿನ ಮೌಲ್ವಿಗೆ ಇಂಥ ಬರಹ ಕೈಗೆ ಸಿಗುವುದು ದೊಡ್ಡ ಸಹಾಯ.

ಕೊನೆಗೆ ಸುಡಾನಿನ ಮಹಮೂದ್ ಮುಹಮ್ಮದ್ ತಾಹಾ. ವೃತ್ತಿಯಲ್ಲಿ ಇಂಜಿನಿಯರ್. ಮೆಕ್ಕಾದಲ್ಲಿ ಅವತರಿಸಿದ ವಚನಗಳಲ್ಲಿರುವ ಸಮಾನತೆ, ಸ್ವಾತಂತ್ರ್ಯವೇ ಇಸ್ಲಾಮಿನ ಶಾಶ್ವತ ಸಂದೇಶ, ಮದೀನಾ ಕಾಲದ ಅನೇಕ ಕಾನೂನುಗಳು ಏಳನೇ ಶತಮಾನದ ಅಗತ್ಯಕ್ಕೆ ಬಂದವು ಅನ್ನೋದು ಅವರ ವಾದ. ಅಧ್ಯಕ್ಷ ನಿಮೇರಿ 1983ರಲ್ಲಿ ಕೈ ಕತ್ತರಿಸುವ ಶಿಕ್ಷೆಯಂಥ ಕಾನೂನುಗಳನ್ನು ತಂದಾಗ ತಾಹಾ ಬೆಂಬಲಿಗರು ಅದನ್ನು ವಿರೋಧಿಸಿ ಕರಪತ್ರ ಹಂಚಿದರು. 1984ರ ಡಿಸೆಂಬರ್ ಕೊನೆಯ ವಾರ ಅದು. ಮೂರೇ ವಾರಗಳಲ್ಲಿ ವಿಚಾರಣೆ, ತೀರ್ಪು, ಮೇಲ್ಮನವಿ ಎಲ್ಲ ಮುಗಿಸಿ 1985ರ ಜನವರಿ 18ರಂದು, ಎಪ್ಪತ್ತರ ಮೇಲೆ ವಯಸ್ಸಾಗಿದ್ದ ಆ ಮನುಷ್ಯನನ್ನು ಖಾರ್ಟೂಮಿನ ಕೋಬರ್ ಜೈಲಿನಲ್ಲಿ ಜನರೆದುರು ಗಲ್ಲಿಗೇರಿಸಿದರು. ಅವರು ಕತ್ತಿ ಹಿಡಿದವರಲ್ಲ, ಹಿಡಿಯಿರಿ ಅಂದವರೂ ಅಲ್ಲ. ಏಪ್ರಿಲ್‌ನಲ್ಲಿ ನಿಮೇರಿಯ ಆಡಳಿತ ಉರುಳಿತು. 1986ರಲ್ಲಿ ಸುಡಾನಿನ ಸುಪ್ರೀಂ ಕೋರ್ಟ್ ತಾಹಾ ವಿರುದ್ಧದ ತೀರ್ಪೇ ಅಸಿಂಧು ಎಂದಿತು. 2020ರ ಜುಲೈನಲ್ಲಿ ಅಲ್ಲಿನ ಮಧ್ಯಂತರ ಸರ್ಕಾರ ಧರ್ಮತ್ಯಾಗಕ್ಕೆ ಇದ್ದ ಮರಣದಂಡನೆಯನ್ನು ತೆಗೆದು ಹಾಕಿತು. ಅದೇ ಕಲಮಿನ ಜಾಗದಲ್ಲಿ, ಇನ್ನೊಬ್ಬರನ್ನು ಧರ್ಮಭ್ರಷ್ಟ ಅಂತ ಸಾರುವುದನ್ನೇ ಅಪರಾಧ ಮಾಡಿತು. ಆ ಸರ್ಕಾರ 2021ರ ಅಕ್ಟೋಬರ್‌ನಲ್ಲಿ ಸೇನಾ ದಂಗೆಯಲ್ಲಿ ಬಿದ್ದುಹೋಯಿತು. 2023ರ ಏಪ್ರಿಲ್‌ನಿಂದ ಸುಡಾನ್ ಯುದ್ಧದಲ್ಲಿ ಬೇಯುತ್ತಿದೆ.